ಮೊದಲ ಪ್ರಶ್ನೆ ಮಗ್ಗದ್ದು

ಗದಗದ ಬೆಟಗೇರಿಯಲ್ಲಿ ನನಗೆ ಬಾಡಿಗೆಗೆಂದು ತೋರಿಸಿದ ಕೋಣೆಯ ನಡುವೆ ಒಂದು ಗುಂಡಿ ಇತ್ತು. ಸಣ್ಣದಲ್ಲ, ಒಬ್ಬರು ಕಾಲು ಇಳಿಬಿಟ್ಟು ಆರಾಮವಾಗಿ ಕೂರುವಷ್ಟು ದೊಡ್ಡದು. ಸುತ್ತ ಕಲ್ಲು ಕಟ್ಟಿ, ಅಂಚು ಸಾರಿಸಿ ಚೊಕ್ಕಟವಾಗಿ ಇಟ್ಟಿದ್ದರು. ಹುಣಸೂರಿನಿಂದ ಮೈಸೂರು, ಮೈಸೂರಿನಿಂದ ರೈಲು, ರೈಲಿಳಿದು ಆಟೊ ಅಂತ ಇಡೀ ದಾರಿಯ ಧೂಳು ಹೊತ್ತು ಬಂದಿದ್ದ ನನಗೆ ಅದನ್ನು ನೋಡಿ ಚೀಲ ಕೆಳಗಿಡಲೂ ಮನಸ್ಸಾಗಲಿಲ್ಲ. ಬಾಡಿಗೆಗೆ ಕೊಡುವವರು ಗೋಡೆಯ ಬಿರುಕು ಮುಚ್ಚಿಡುವುದನ್ನು ಕಂಡಿದ್ದೆ, ಗುಂಡಿಯನ್ನೇ ಕರೆದು ತೋರಿಸುವವರನ್ನು ಕಂಡಿರಲಿಲ್ಲ.

"ಇದೇನಮ್ಮಾ ಇದು?" ಎಂದೆ.

"ಮಗ್ಗದ ಕುಣಿ ರೀ," ಎಂದರು ಮನೆಯೊಡತಿ ಕಾಶವ್ವ. "ಮಗ್ಗ ಹೋತು, ಕುಣಿ ಉಳೀತು. ಮ್ಯಾಲ ಹಲಗಿ ಹಾಕ್ತೀನಿ, ಹಾಸ್ಕೊಂಡು ಮಲಗ್ರಿ. ಏನೂ ಆಗಂಗಿಲ್ಲ." ಆಮೇಲೆ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿ, "ಊಟ ಆತೇನ್ರಿ?" ಎಂದು ಕೇಳಿದರು.

ಇಲ್ಲಿ ಕೈಮಗ್ಗದವರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಗೆ ಇಳಿಬಿಟ್ಟು ಮಗ್ಗ ತುಳಿಯುತ್ತಾರೆ. ಅದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಮಧ್ಯಾಹ್ನ ನನಗೆ ಗೊತ್ತಾದದ್ದು ಇಷ್ಟೇ: ಬೆಳಗಿನಿಂದ ಅಲೆದ ಮನೆಗಳಲ್ಲಿ ಒಬ್ಬರೂ ನನ್ನ ಊಟದ ವಿಚಾರ ಕೇಳಿರಲಿಲ್ಲ. ಎಲ್ಲರದೂ ಒಂದೇ ಮೊದಲ ಪ್ರಶ್ನೆ, "ಯಜಮಾನ್ರು ಏನ್ ಮಾಡ್ತಾರ್ರಿ?" ನಾನು ಗಂಡನನ್ನು ಬಿಟ್ಟು ಬಹಳ ಕಾಲವಾಯಿತು. ನಲವತ್ತು ದಾಟಿದ ಹೆಂಗಸು ಈ ಪ್ರಶ್ನೆಗೆ "ಇಲ್ಲ" ಎಂದಳೋ, ಮುಂದಿನದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೆಲಸ ಇದೆ, ಬಾಡಿಗೆ ಸರಿಯಾಗಿ ಕೊಡುತ್ತೇನೆ, ಮೀನು ಮಾಂಸ ಬೇಯಿಸುವುದಿಲ್ಲ, ಯಾವುದನ್ನು ಹೇಳುವ ಹೊತ್ತಿಗೂ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಕಾಶವ್ವ ಕೂಡ ಗಂಡನ ವಿಷಯ ಕೇಳಿದರು, ಇಲ್ಲವೆಂದಲ್ಲ. ಆದರೆ ಕೇಳಿದ್ದು ರೊಟ್ಟಿ ತಿಂದು, ಚಹಾ ಕುಡಿದು, ನಾನು ಚೀಲ ಒಳಗಿಟ್ಟ ಮೇಲೆ. ಅಷ್ಟು ಹೊತ್ತಿಗೆ ಅವರಿಗೆ ನಾನು ಯಾರೆಂದು ಗೊತ್ತಾಗಿಹೋಗಿತ್ತು. "ಹೋಗ್ಲಿ ಬಿಡ್ರಿ," ಎಂದು ಮಾತು ಮುಗಿಸಿದರು.

ಹುಣಸೂರಿನವರಿಗೆ ನಾನು ಇಲ್ಲಿನದನ್ನು ಹೇಗೆ ಹೇಳಲಿ? ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ರೊಟ್ಟಿ ಮುರಿಯುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿ ಮೆಣಸಿನಕಾಯಿ ಖಾರ, ಪುಂಡಿಪಲ್ಯ. ಮೊದಮೊದಲು ಎಷ್ಟು ತಿಂದರೂ ಊಟ ಮಾಡಿದಂತೆಯೇ ಅನ್ನಿಸುತ್ತಿರಲಿಲ್ಲ. ಕೋಣೆಗೆ ಖೋಲಿ ಎನ್ನುತ್ತಾರೆ, ನಿಜಕ್ಕೆ ಖರೆ, ಕಷ್ಟಕ್ಕೆ ತ್ರಾಸು. "ಅಡ್ಡಿಯಿಲ್ಲ" ಎಂದರೆ ಆಗಬಹುದು ಎಂದೂ ಹೌದು, ಪರವಾಗಿಲ್ಲ ಎಂದೂ ಹೌದು, ನಿನ್ನ ಅಡುಗೆ ಅಷ್ಟೇನೂ ಚೆನ್ನಾಗಿಲ್ಲ ಎಂದೂ ಹೌದು. ನಮ್ಮೂರಲ್ಲಿ ನೀರು ಬರುವುದು ಒಂದು ಸುದ್ದಿಯೇ ಅಲ್ಲ. ಇಲ್ಲಿ ನಲ್ಲಿ ಬಂದ ದಿನ ಇಡೀ ಓಣಿ ಕೊಡ, ಬಕೀಟು, ಡ್ರಮ್ಮು ಹಿಡಿದು ಎದ್ದು ನಿಲ್ಲುತ್ತದೆ. ನಾನೂ ನಿಲ್ಲುತ್ತೇನೆ. ನಿಂತು ನಿಂತು ಸೊಂಟ ಹಿಡಿದುಕೊಂಡಿದೆ. ಯಾರಾದರೂ "ಗದಗ ಹೇಗಿದೆ?" ಎಂದು ಫೋನಿನಲ್ಲಿ ಕೇಳಿದರೆ ಸುಸ್ತಾಗಿದೆ ಎನ್ನುತ್ತೇನೆ. ಊರಿಗೋ ನನಗೋ ಎಂದು ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಕೆಲಸ ಒಂದು ನೇಕಾರರ ಸಂಘದಲ್ಲಿ. ಸಂಘಕ್ಕೆ ಬೆಟಗೇರಿಯಲ್ಲಿ ಕಚೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯೂ ಸದಸ್ಯರು. ಕಂಪ್ಯೂಟರು ಬಲ್ಲವಳು ನಾನೊಬ್ಬಳೇ ಆದ್ದರಿಂದ ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ನಾನೇ, ಫ್ಯಾನು ತಿರುಗದಿದ್ದರೂ ನಾನೇ. ವಾರಕ್ಕೊಮ್ಮೆ ಬಸ್ಸಿನಲ್ಲಿ ಶಿರಹಟ್ಟಿಗೆ ಹೋಗುವಾಗ ಕಂಡಕ್ಟರ್ "ಮಾಗಡಿ ಕೆರಿಗೆ ಬಂದ ಹಕ್ಕಿ ಇದ್ದಂಗ ಅದೀರಿ ನೀವು, ದೂರದಿಂದ ಬಂದವ್ರು" ಎಂದು ತಮಾಷೆ ಮಾಡುತ್ತಾರೆ. ಆ ಹಕ್ಕಿಗಳಿಗೆ ಬಾಡಿಗೆ ಮನೆ ಹುಡುಕುವ ತಾಪತ್ರಯ ಇಲ್ಲ ಎಂದು ಒಮ್ಮೆ ಹೇಳಿದೆ. ಬಸ್ಸೆಲ್ಲ ನಕ್ಕಿತು. ನನಗೇ ನಗು ಬರಲಿಲ್ಲ.

ಅಂಥದರಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು: ನೇಕಾರರನ್ನೂ, ನೇಕಾರಿಕೆಗೆ ಸಂಬಂಧಪಟ್ಟ ಕೆಲಸದವರನ್ನೂ ಆನ್‌ಲೈನಿನಲ್ಲಿ ನೋಂದಾಯಿಸಿ ಕಾರ್ಡು ಕೊಡಬೇಕು. ಅರ್ಜಿ ನಮೂನೆಯನ್ನು ಯಾರೂ ಕೂತು ಬರೆಯಬೇಕಾಗಿರಲಿಲ್ಲ. ಈಗಿನ ತಂತ್ರಾಂಶಗಳು ಹಾಗೆ. ಯಾವ ಯಾವ ಮಾಹಿತಿ ಇಟ್ಟುಕೊಳ್ಳಬೇಕು ಎಂಬುದರ ಒಂದು ವಿನ್ಯಾಸ ಇರುತ್ತದೆ, ಅದಕ್ಕೆ ಮಾಡೆಲ್ ಎನ್ನುತ್ತೇವೆ. ಅದನ್ನು ಕೊಟ್ಟರೆ ತಂತ್ರಾಂಶ ತಾನೇ ಅರ್ಜಿಯನ್ನು ಹುಟ್ಟಿಸುತ್ತದೆ. ಮಾಡೆಲಿನಲ್ಲಿ ಯಾವುದನ್ನು ಮೊದಲು ಬರೆದಿದ್ದಾರೋ ಅರ್ಜಿಯಲ್ಲೂ ಅದೇ ಮೊದಲು. ಇದನ್ನು ಬರೆದ ಪುಣ್ಯಾತ್ಮ, ಎಲ್ಲೋ ದೂರದಲ್ಲಿ ಕೂತವನು, ಮಗ್ಗಗಳ ಲೆಕ್ಕ ಇಡುವ ಹಳೆಯ ವಿನ್ಯಾಸಕ್ಕೆ ಮನುಷ್ಯರನ್ನು ಜೋಡಿಸಿದ್ದ. ಹಾಗಾಗಿ ಪರದೆಯ ಮೇಲೆ ಮೊಟ್ಟಮೊದಲು ಮಗ್ಗದ ನಂಬರು, ಎಲ್ಲಕ್ಕಿಂತ ಕೆಳಗೆ ಹೆಸರು. ನಾನು ಅದನ್ನು ನೋಡಿದೆ. ಸರಿ, ಹೇಗೂ ಎಲ್ಲ ತುಂಬಬೇಕಲ್ಲ, ಮೊದಲಾದರೇನು ಕೊನೆಯಾದರೇನು ಎಂದು ಹಾಗೆಯೇ ಬಿಟ್ಟೆ.

ಕಾಶವ್ವನಿಗೆ ಆ ಕಾರ್ಡು ಬೇಕೇಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವರು ಮಗ್ಗವನ್ನು ಪಕ್ಕದ ಓಣಿಯವರಿಗೆ ಕೊಟ್ಟು, ಮಗಳನ್ನು ಮುಂಡರಗಿಗೆ ಮದುವೆ ಮಾಡಿಕೊಟ್ಟು, ಎಳೆ ಕೆಚ್ಚುವ ಕೆಲಸಕ್ಕೆ ನಿಂತವರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುವ ಕೆಲಸ ಅದು. ಕೂದಲಿನಷ್ಟು ಸಣ್ಣ ನೂಲು, ಸಾವಿರಾರು ಎಳೆ, ಮನೆಮನೆಗೆ ಹೋಗಿ ಮಾಡಬೇಕು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಅಷ್ಟು ಸಲೀಸಿನದಲ್ಲ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದು ಕಣ್ಣಿನ ಶಿಬಿರದ ಡಾಕ್ಟರು ಹೇಳಿದ್ದರು. ಕಾರ್ಡು ಇದ್ದರೆ ಶಸ್ತ್ರಚಿಕಿತ್ಸೆ ಸರ್ಕಾರದ ಯೋಜನೆಯ ಲೆಕ್ಕದಲ್ಲಿ ಆಗುತ್ತಿತ್ತು. ಇಲ್ಲದಿದ್ದರೆ ಆಗುತ್ತಿರಲಿಲ್ಲ. ಬಾಗಿಲ ಬೆಳಕಿಗೆ ನೂಲು ಹಿಡಿದು ಬೆರಳಿನಿಂದಲೇ ಎಳೆ ಹುಡುಕುತ್ತಿದ್ದರು.

ನೋಂದಣಿ ಶುರುವಾದ ದಿನವೇ ಮಡಿ ಸೀರೆ ಉಟ್ಟು ಬಂದರು. ನಾನು ಬೇರೊಬ್ಬರ ಅರ್ಜಿಯಲ್ಲಿದ್ದೆ, ಪಕ್ಕದ ಮೇಜಿನ ಹುಡುಗಿ ಅವರದನ್ನು ತುಂಬಿದಳು. ಹದಿನೈದು ದಿನಕ್ಕೆ ಉತ್ತರ ಬಂತು: ಈ ಮಗ್ಗ ಬೇರೆಯವರ ಹೆಸರಿನಲ್ಲಿದೆ, ಅರ್ಜಿ ತಿರಸ್ಕೃತ. ತೆಗೆದು ನೋಡಿದರೆ ಕಾಶವ್ವ ಯಾವತ್ತೋ ಕೊಟ್ಟುಬಿಟ್ಟ ಮಗ್ಗದ ನಂಬರು ಹೇಳಿದ್ದರು. ಅವರೊಬ್ಬರೇ ಅಲ್ಲ. ನೂಲಿನ ಕಂಡಿಕೆ ಸುತ್ತುವವರು, ಎಳೆ ಕೆಚ್ಚುವವರು, ಮಗ್ಗವಿಲ್ಲದ ಹೆಂಗಸರೆಲ್ಲ ಒಂದೋ ಹಳೆಯ ನಂಬರು, ಇಲ್ಲವೇ ತಾವು ಕೆಲಸಕ್ಕೆ ಹೋಗುವ ಮನೆಯ ನಂಬರು ಹೇಳಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಹೋದವಳೇ ಜಗಳಕ್ಕೆ ನಿಂತೆ.

"ಮಗ್ಗ ಇಲ್ಲ ಅಂತ ಹೇಳೋಕೆ ಏನಾಗಿತ್ತು ಕಾಶವ್ವಾರೇ? ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳು ಅಂತೀರೇನ್ರಿ ಅಕ್ಕಾರ?" ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಇಲ್ಲಿ ಶಾಲೆ ಕಚೇರಿಯ ಹೆಂಗಸರಿಗೆ ಅಕ್ಕಾರ ಎಂದೇ ಮರ್ಯಾದೆ. "ಚಲೋ ಕೆಲಸಕ್ಕ ಹೋಗಿ ಕುಂತೀನಿ. ಕುಂತ ಕೂಡ್ಲೇ ಮೊದ್ಲಿಗೇ ಬಾಯಿಂದ ಇಲ್ಲ ಅಂತ ಅನಿಸ್ತಾಳ ಆ ಹುಡುಗಿ. ಮೊದ್ಲ ಮಾತ ಇಲ್ಲ ಅಂದ್ರ ಮುಂದ ಏನ್ ಆಗ್ತೈತ್ರಿ? ಮನ್ಯಾಗ ಅಕ್ಕಿ ತೀರಿದ್ರೂ ಇಲ್ಲ ಅನ್ನಂಗಿಲ್ಲ, ಹೆಚ್ಚಾಗೈತಿ ಅಂತೀವಿ. ನೂಲು ತೀರಿದ್ರೂ ಹಂಗ."

"ಕೊನೆಗೆ ಕೇಳಿದ್ದರೆ?"

"ಕಡೀಗೆ ಕೇಳಿದ್ರ ಹೇಳ್ತಿದ್ನೆಲ್ಲ. ನನ್ನ ಹೆಸ್ರು ಕೇಳ್ಲಿ, ಊರು ಕೇಳ್ಲಿ, ಏನ್ ಕೆಲಸ ಮಾಡ್ತೀ ಅಂತ ಕೇಳ್ಲಿ. ಆಮ್ಯಾಲ ಮಗ್ಗ ಐತೇನು ಅಂದ್ರ, ಈಗ ಇಲ್ಲ ರೀ ಅಂತಿದ್ದೆ. ಅದ್ರಾಗೇನೈತಿ?"

ಅಕ್ಕಿ ವಿಚಾರದಲ್ಲಿ ನಮ್ಮಮ್ಮನೂ ಹೀಗೇ. ಡಬ್ಬ ಖಾಲಿಯಾದರೆ ತುಂಬಿದೆ ಎನ್ನುತ್ತಾಳೆ. ಹುಣಸೂರಿನ ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಬೆಟಗೇರಿಯ ಕಚೇರಿಯಲ್ಲಿ ನನಗೆ ಯಾಕೆ ಹೊಳೆಯಲಿಲ್ಲವೋ. ಆ ಸಂಜೆ ಅಮ್ಮ ಫೋನು ಮಾಡಿ ಎಂದಿನಂತೆ "ಯಾವಾಗವ್ವ ಬತ್ತೀಯ?" ಎಂದಾಗ ತಲೆ ನೋವು ಎಂದು ಇಟ್ಟುಬಿಟ್ಟೆ.

ಅರ್ಜಿಯ ಸಾಲುಗಳ ಕ್ರಮ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಮಾಡೆಲನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ, ಆದರೆ ನಮ್ಮ ಸಂಘದ ಅರ್ಜಿಗೆ ಇದಾದ ಮೇಲೆ ಇದು ಎಂದು ಒಂದು ಸಾಲು ಬರೆದುಕೊಟ್ಟರೆ ತಂತ್ರಾಂಶ ಆ ಕ್ರಮದಲ್ಲಿ ತೋರಿಸುತ್ತದೆ. ಹೆಸರು, ಊರು, ಮಾಡುವ ಕೆಲಸ, ಎಷ್ಟು ವರ್ಷದಿಂದ ಎಂದು ಬರೆಯುತ್ತಾ ಹೋದೆ. ಆ ಸಾಲಿನಲ್ಲಿ ನಾವು ಯಾವುದನ್ನಾದರೂ ಹೇಳಲು ಮರೆತರೆ ತಂತ್ರಾಂಶ ತಕರಾರು ಮಾಡುವುದಿಲ್ಲ. ಪಂಕ್ತಿಯಲ್ಲಿ ಯಾರೂ ಕರೆಯದ ನೆಂಟರ ಹಾಗೆ ಅದು ತಾನಾಗಿ ಹೋಗಿ ಕೊನೆಯಲ್ಲಿ ಕೂರುತ್ತದೆ. ಮಗ್ಗದ ನಂಬರನ್ನು ಬೇಕೆಂದೇ ಬಿಟ್ಟೆ, ಅದು ಕೊನೆಗೆ ಹೋಯಿತು. ಭಾರಿ ಸಾಧಿಸಿದವಳಂತೆ ಕಾಶವ್ವನನ್ನು ಕರೆದುಕೊಂಡು ಬಂದೆ. ಎಲ್ಲಕ್ಕೂ ಉತ್ತರ ಹೇಳಿದರು, ಕೊನೆಯದಕ್ಕೆ "ಈಗ ಇಲ್ಲ ರೀ" ಎಂದೂ ಹೇಳಿದರು. ಆ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿದರೆ ಅರ್ಜಿ ಮುಂದೆ ಹೋಗಲೊಲ್ಲದು. ಮಗ್ಗದ ನಂಬರು ಕಡ್ಡಾಯ ಎಂದು ಕೆಂಪಕ್ಷರ ಬಂತು. ಸಾಲಿನಲ್ಲಿ ಹಿಂದೆ ಕೂರಿಸಿದೆನೇ ಹೊರತು ಅದರ ದರ್ಪ ಇಳಿಸಿರಲಿಲ್ಲ.

"ಆಗಂಗಿಲ್ಲೇನ್ರಿ?" ಎಂದರು ಕಾಶವ್ವ. ಪರದೆ ಅವರಿಗೆ ಕಾಣುತ್ತಿರಲಿಲ್ಲ, ನಾನು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಕೇಳುತ್ತಿತ್ತು.

ನಮ್ಮ ಅರ್ಜಿಯಲ್ಲಿ ಆ ಕಡ್ಡಾಯವನ್ನು ತೆಗೆಯಬೇಕಾದರೆ ಸಂಘದ ಕಾರ್ಯದರ್ಶಿ ಶಿವಪ್ಪನವರ ಒಪ್ಪಿಗೆ ಬೇಕು. ಅವರು ಕೆಟ್ಟವರಲ್ಲ, ಎಲ್ಲದಕ್ಕೂ ಹೆದರುವವರು. ನೋಂದಣಿ ಮುಗಿಯಲು ಆ ವಾರವೊಂದೇ ಉಳಿದಿತ್ತು.

"ಮಗ್ಗ ಇಲ್ದವ್ರು ನೇಕಾರ್ರು ಹೆಂಗ ಆಗ್ತಾರ್ರಿ ಮೇಡಂ? ನಾಳೆ ಊರ ಮಂದಿ ಎಲ್ಲಾ ನಾವೂ ನೇಕಾರ್ರ ಅಂತ ಬಂದ್ರ ನಾ ಯಾರಿಗೆ ಉತ್ತರ ಕೊಡ್ಲಿ?"

"ಆದೇಶದಲ್ಲಿ ಸಂಬಂಧಪಟ್ಟ ಕೆಲಸದವರು ಅಂತಲೂ ಇದೆಯಲ್ಲ ಸರ್."

"ಇರಬಹುದು. ಅರ್ಜಿಯೊಳಗ ಮೊದ್ಲಿಗೇ ಮಗ್ಗ ಐತೆಲ್ಲ. ಅಂದ ಮ್ಯಾಲ ಅದ ಮುಖ್ಯ ಅಂತಾತು."

"ಅದು ಮುಖ್ಯ ಅಂತ ಯಾರೂ ತೀರ್ಮಾನ ಮಾಡಿಲ್ಲ ಸರ್. ಬರೆಯುವಾಗ ಮೊದಲು ಬರೆದುಬಿಟ್ಟಿದ್ದಾರೆ ಅಷ್ಟೇ!" ನನ್ನ ದನಿ ಏರಿತ್ತು. "ನಿಮ್ಮ ಮನೆಯ ಮಗ್ಗಕ್ಕೆ ಎಳೆ ಕೆಚ್ಚೋರು ಯಾರು ಸರ್?"

ಶಿವಪ್ಪನವರು ಸ್ವಲ್ಪ ಹೊತ್ತು ಪೆನ್ನಿನ ಟೋಪಿ ಹಾಕಿ ತೆಗೆದು ಮಾಡಿದರು. "ಕಾಶವ್ವನೇ ಬರ್ತಾಳ್ರಿ," ಎಂದರು. ಆಮೇಲೆ, "ಬರದು ಕೊಡ್ರಿ, ಸಹಿ ಮಾಡ್ತೀನಿ. ಏನರ ಆದ್ರ ನಿಮ್ಮ ಹೆಸರು ಹೇಳ್ತೀನಿ ಮತ್ತ."

ಅಡ್ಡಿಯಿಲ್ಲ ರೀ ಎಂದೆ. ಕಡ್ಡಾಯ ತೆಗೆದು, ಆ ಜಾಗದಲ್ಲಿ "ಇಲ್ಲ" ಎಂಬ ಉತ್ತರವೂ ಸಲ್ಲುವಂತೆ ಮಾಡಿ, ತಿರಸ್ಕೃತವಾದವರನ್ನೆಲ್ಲ ಮತ್ತೆ ಕರೆಸಿ, ಬೆಟಗೇರಿಯಲ್ಲಿ ಮುಗಿಸಿ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ ಓಡಿದೆ. ಕೊನೆಯ ದಿನ ಕೆಲಸ ಮುಗಿದಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಒಂದು ಮಿರ್ಚಿ ಬಜ್ಜಿ ತಿಂದೆ. ಈ ಊರಿಗೆ ಬಂದ ಮೇಲೆ ನಾನು ಗೆದ್ದದ್ದು ಅದೊಂದೇ. ಕುಣಿಯಬೇಕಿತ್ತು, ಎದ್ದು ನಿಲ್ಲಲೂ ಶಕ್ತಿ ಇರಲಿಲ್ಲ.

ಕಾರ್ಡುಗಳು ಬಂದವು. ಕಾಶವ್ವನದನ್ನು ಕೈಯಲ್ಲಿ ಹಿಡಿದ ಕೂಡಲೇ ನನ್ನ ತಪ್ಪು ಗೊತ್ತಾಯಿತು. ನಾನು ಬದಲಿಸಿದ್ದು ಅರ್ಜಿಯ ಕ್ರಮವನ್ನು. ಕಾರ್ಡು ಅಚ್ಚಾಗುವುದು ಮೇಲಿನ ಕಚೇರಿಯಲ್ಲಿ, ನೇರವಾಗಿ ಮಾಡೆಲಿನಿಂದ. ಅದು ತನ್ನ ಹಳೆಯ ಕ್ರಮವನ್ನೇ ಹಿಡಿದಿತ್ತು. ಫೋಟೊದ ಪಕ್ಕ ದಪ್ಪ ಅಕ್ಷರದಲ್ಲಿ ಮೊದಲ ಸಾಲು, ಮಗ್ಗ: ಇಲ್ಲ. ಅದರ ಕೆಳಗೆ ಕೆಲಸ, ಊರು. ಎಲ್ಲದರ ಕೊನೆಗೆ ಹೆಸರು.

"ಓದ್ರಿ ಅಕ್ಕಾರ, ಏನ್ ಬರದಾರ?" ಕಾಶವ್ವ ಪಕ್ಕದಲ್ಲೇ ಕೂತಿದ್ದರು, ಮುಖ ಹಿಗ್ಗಿತ್ತು.

ಕಾರ್ಡನ್ನು ವಾಪಸು ಕಳಿಸಿದರೆ ಮತ್ತೆ ಯಾವ ಕಾಲಕ್ಕೆ ಬರುತ್ತದೋ ಹೇಳುವವರಿರಲಿಲ್ಲ. ಕಣ್ಣು ಅಷ್ಟು ದಿನ ಕಾಯುವಂತಿರಲಿಲ್ಲ. ನಾನು ಓದಿದೆ, "ಹೆಸರು, ಕಾಶವ್ವ. ಊರು, ಬೆಟಗೇರಿ. ಕೆಲಸ, ಎಳೆ ಕೆಚ್ಚುವುದು."

"ಮಗ್ಗದ್ದು?"

"ಅದು ಕೊನೇಲಿದೆ. ಸಣ್ಣದಾಗಿ."

"ಚಲೋ ಆತು," ಎಂದು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾನು ಪ್ರಿಂಟರ್ ನೋಡುವ ನೆವ ಮಾಡಿ ಎದ್ದುಹೋದೆ.

ಹುಬ್ಬಳ್ಳಿಯ ಆಸ್ಪತ್ರೆಯವರು ದಿನ ಕೊಟ್ಟರು. ಕೊಟ್ಟ ದಿನವೇ ಹುಣಸೂರಿನಲ್ಲಿ ನನ್ನ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಅವನು ಊರಾಚೆ ಒಂದು ಸೈಟು ತೆಗೆದು ಎಷ್ಟೋ ವರ್ಷಗಳಿಂದ ಕಟ್ಟುತ್ತಿದ್ದ ಮನೆ. ಅಮ್ಮನಿಗೂ ಅದರಲ್ಲೊಂದು ಕೋಣೆ, ನನಗೂ ಒಂದು ಎಂದು ಅವಳೇ ಹಟ ಮಾಡಿ ಹಾಕಿಸಿದ್ದಳು. ದಿನ ಮುಂದಕ್ಕೆ ಹಾಕಲು ಆಸ್ಪತ್ರೆಯವರನ್ನು ಕೇಳಿದೆ, ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದರು. ಕಾಶವ್ವನ ಮಗಳಿಗೆ ಹೆರಿಗೆಯಾಗಿ ವಾರವೂ ಆಗಿರಲಿಲ್ಲ, ಮುಂಡರಗಿಯಿಂದ ಅಳಿಯ ಅವಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಮ್ಮನಿಗೆ ಫೋನು ಮಾಡಿ, ಕಾಶವ್ವನ ಕಣ್ಣಿನ ಆಪರೇಷನ್ನಿಗೆ ನಾನೇ ಜೊತೆಗೆ ಹೋಗಬೇಕು, ಬರಲಾಗುವುದಿಲ್ಲ ಎಂದೆ.

"ಯಾರವ್ವ ಅದು ಕಾಶವ್ವ?" ಎಂದಳು.

"ಮನೆ ಓನರ್ರು."

"ಓನರ್ರ ಕಣ್ಣಿಗೆ ನಮ್ಮ ಮನೆ ಒಕ್ಲು ಬಿಟ್ಟುಬುಟ್ಟೀಯಾ? ನೆಂಟರಿಗೆಲ್ಲ ನಾನ್ ಏನಂತ ಹೇಳ್ಲಿ?"

ಇಲ್ಲಿ ನೀರು ಹಿಡಿಯಲು ನಿಂತಾಗ ಕಾಶವ್ವ ನನ್ನ ಕೊಡವನ್ನೂ ಮುಂದೆ ಸರಿಸುತ್ತಾರೆ, ನನಗೆ ಜ್ವರ ಬಂದಾಗ ಕಾಣದ ಕಣ್ಣಿನಲ್ಲೇ ಗಂಜಿ ಕಾಯಿಸಿದ್ದರು, ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಇನ್ನಷ್ಟು ಸಂಕಟ. ಅವಳೇ ಫೋನು ಇಟ್ಟಳು. ಆಮೇಲೆ ಬಹಳ ದಿನ ಮಾಡಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕದ ದಿನಗಳು ಮುಗಿದು, ಒಂದು ಬೆಳಿಗ್ಗೆ ಕಾಶವ್ವ ಹೊಸ್ತಿಲ ಮೇಲೆ ಕೂತು ಕಂಡದ್ದನ್ನೆಲ್ಲ ಓದುತ್ತಿದ್ದರು. ಗೋಡೆಯ ಕ್ಯಾಲೆಂಡರು, ಬಿಸ್ಕೀಟಿನ ಪೊಟ್ಟಣ, ಎದುರುಮನೆಯ ನಂಬರು. ಏಳನೇ ಇಯತ್ತೆಯವರೆಗೆ ಕಲಿತವರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆದರು. ನಾನು ಚಹಾದ ಲೋಟ ಹಿಡಿದು ನಿಂತಲ್ಲೇ ನಿಂತೆ.

ಮೇಲಿಂದ ಕೆಳಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.

"ನೀವ್ ಓದಿದ್ದಂಗ ಇಲ್ಲಲ್ರಿ ಇದು, ಅಕ್ಕಾರ."

"ಇಲ್ಲ ರೀ."

"ನೀವ್ ಓದಿದ್ದ ಚಲೋ ಇತ್ತು ಬಿಡ್ರಿ," ಎಂದು ಕಾರ್ಡನ್ನು ಮತ್ತೆ ಗಂಟು ಹಾಕಿಕೊಂಡರು. ನನ್ನ ಮುಖ ನೋಡಿಯೋ ಏನೋ, ಮಾತು ಬದಲಿಸಲು, "ನಿಮ್ಮ ಫೋನ್ ಕೊಡ್ರಿ ಇಲ್ಲೆ, ಸಣ್ಣಾವು ಕಾಣ್ತಾವೇನು ನೋಡ್ತೀನಿ," ಎಂದು ಕೈ ನೀಡಿದರು.

ಕೊಟ್ಟೆ. ಹಿಂದಿನ ದಿನವಷ್ಟೇ ಅಮ್ಮ ಒಂದು ಮಾತೂ ಬರೆಯದೆ ಗೃಹಪ್ರವೇಶದ ಫೋಟೊ ಕಳಿಸಿದ್ದಳು, ಅದೇ ತೆರೆದಿತ್ತು. ಹೊಸ ಮನೆಯ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದರು. ಅಮ್ಮ, ಅಣ್ಣ, ಅತ್ತಿಗೆ, ಚಿಕ್ಕಪ್ಪಂದಿರು, ಮಕ್ಕಳು. ಕಾಶವ್ವ ಫೋನನ್ನು ಕಣ್ಣಿಗೆ ಹತ್ತಿರ ತಂದು, ದೂರ ಮಾಡಿ, ಒಂದೊಂದು ಮುಖದ ಮೇಲೂ ಬೆರಳಿಡುತ್ತಾ ಹೋದರು. ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಮತ್ತೆ ಮೊದಲಿನಿಂದ ಹುಡುಕಿದರು.

"ಎಲ್ಲಾರೂ ಚಂದ ಕಾಣ್ತಾರ್ರಿ," ಎಂದರು. "ಇದ್ರಾಗ ನೀವ್ ಎಲ್ಲಿ ಅದೀರಿ?"

"ನಾ ಹುಬ್ಬಳ್ಳ್ಯಾಗ ಇದ್ನೆಲ್ರಿ ಅವತ್ತು," ಎಂದೆ, "ನಿಮ್ಮ ಕೂಡ."